ಬರಿಗೈಲಿ ಹೋಗಬೇಕಿತ್ತು ನಾವು

ಹೊಸನಗರ
ಫೆಬ್ರವರಿ ೧೯೮೮

ನನ್ನ ಶರಾವತಿ,

ನಿನಗೊಂದು ಕಾಗದ ಬರೆಯಲು ಕೂತಿದ್ದೇನೆ. ವಿಳಾಸದ ಜಾಗದಲ್ಲಿ ಏನು ಬರೆಯಬೇಕೆಂದು ಗೊತ್ತಿಲ್ಲ, ಅದು ಆಮೇಲಿನ ಮಾತು. ಮಗು ಈಗಷ್ಟೇ ಮಲಗಿದೆ. ಬಸ್‌ಸ್ಟ್ಯಾಂಡಿನ ಹಿಂದಿನ ಬಾಡಿಗೆ ಮನೆ ನಮ್ಮದು. ತೀರ್ಥಹಳ್ಳಿ ಬಸ್ಸಿನವನು ಬಂದು ಹಾರ್ನ್ ಹೊಡೆಯುವವರೆಗೆ ನನಗೆ ಬಿಡುವು.

ಹೌದು ಕಣೇ, ನನಗೊಬ್ಬಳು ಮಗಳು. ಐದು ತಿಂಗಳಾಯಿತು. ಅವಳು ಹುಟ್ಟಿದ ಮೇಲೆ ನಾನು ಸರಿಯಾಗಿ ನಿದ್ದೆ ಮಾಡಿಲ್ಲ. ಅತ್ತರೆ ಎಚ್ಚರ, ಅಳದಿದ್ದರೆ ಇನ್ನೂ ಎಚ್ಚರ. ಹಣೆ ಮುಟ್ಟಿ ನೋಡುತ್ತೇನೆ. ನನ್ನ ಕೈಯೇ ಬೆಚ್ಚಗಿದ್ದರೆ ಎಂದು ಕೆನ್ನೆ ತಾಗಿಸಿ ನೋಡುತ್ತೇನೆ. ಬೇಲಿಯ ಮೇಲೆ ಒಣಗಿದ ಬಟ್ಟೆಯನ್ನು ಕೊಡವಿ, ಹೊಲಿಗೆಯ ಸಂದುಗಳನ್ನು ಬಿಡಿಸಿ ಬಿಡಿಸಿ ನೋಡಿ ತೊಡಿಸುತ್ತೇನೆ. ಕಿವಿಯ ಹಿಂದೆ, ಕಂಕುಳಲ್ಲಿ, ತೊಡೆಯ ಸಂದಿಯಲ್ಲಿ ಉಣುಗು ಹುಡುಕುತ್ತೇನೆ. ಅತ್ತೆ ನಗುತ್ತಾರೆ. "ಪ್ಯಾಟೆ ನಡುವೆ ಎಲ್ಲಿಂದ ಬರ್ತದೆ ಮಾರಾಯ್ತಿ ಉಣುಗು? ನೀನು ತಿಕ್ಕಿ ತಿಕ್ಕಿ ಮಗೀನ ಚರ್ಮ ಸವೆದು ಹೋಗ್ತದೆ ನೋಡು" ಅನ್ನುತ್ತಾರೆ. ಅವರಿಗೆ ಏನೆಂದು ಹೇಳಲಿ? ಸಾಸಿವೆ ಕಾಳಿಗಿಂತ ಚಿಕ್ಕದೊಂದು ಹುಳ ನಿನ್ನಂಥ ನಿನ್ನನ್ನು ಕೊಂಡೊಯ್ದದ್ದನ್ನು ನೋಡಿದವಳು ನಾನು. ನೀನು ಹೋಗಿ ಮುಂದಿನ ತಿಂಗಳಿಗೆ ನಾಲ್ಕು ವರ್ಷ.

ಅವಳಿಗೆ ನಿನ್ನ ಹೆಸರಿಟ್ಟಿಲ್ಲ. ಇಡಬೇಕೆಂದು ಬಹಳ ಆಸೆಯಿತ್ತು. ಆದರೆ ಹಾಸ್ಟೆಲಿನ ಬಾವಿಕಟ್ಟೆಯ ಮೇಲೆ ಕೂತು ನೀನು ಹೇಳಿದ್ದು ಕಿವಿಯಲ್ಲೇ ಇದೆ. "ಮುಳುಗಿಹೋದ ಊರಿನ ನೆನಪಿಗೆ ಅಪ್ಪ ಇಟ್ಟ ಹೆಸರು ಇದು. ಅವ್ನು ಕರೆಯುವಾಗ ಮುಖ ನೋಡೀಯಾ? ಮಗಳನ್ನಲ್ಲ, ಇಡೀ ಊರನ್ನೇ ಕರೆದಂಗೆ ಕರೀತಾನೆ. ನಿನ್ನ ಮಕ್ಳಿಗೆ ಇಂಥ ಭಾರದ ಹೆಸರು ಇಡಬ್ಯಾಡ ಕಣೇ." ಹಾಗಾಗಿ ಅವಳು ಸುಮ. ಎತ್ತಿಕೊಂಡರೂ ಹಗುರ, ಕರೆದರೂ ಹಗುರ.

ಸಾಗರದ ಕಾಲೇಜಿನಲ್ಲಿ ನಮ್ಮಿಬ್ಬರನ್ನು ಒಂದೇ ಬೆಂಚಿನಲ್ಲಿ ನೋಡಿದ ಮೊದಲ ದಿನವೇ ರಾಮಚಂದ್ರಪ್ಪ ಮೇಷ್ಟ್ರು ಹಾಜರಿ ನಿಲ್ಲಿಸಿ, "ಒಬ್ಬಳು ತುಂಗಾ, ಒಬ್ಬಳು ಶರಾವತಿ. ಒಂದೇ ತಾಲೂಕಿನ ನೀರು, ಒಂದು ಮೂಡಲಿಗೆ ಹೋಗ್ತದೆ, ಒಂದು ಪಡುವಲಿಗೆ. ನೋಡಾಣ, ನೀವೆಷ್ಟು ದಿನ ಜೊತೆಗಿರ್ತೀರಿ" ಎಂದು ನಕ್ಕಿದ್ದರು. ಆಗ ಎಲ್ಲರೂ ನಕ್ಕೆವು. ಈಗ ಆ ಮಾತು ನೆನಪಾದರೆ ಮೇಷ್ಟ್ರಿಗೇ ಬೇಸರವಾಗುತ್ತದಂತೆ.

ಬಿ.ಎ. ಕೊನೆಯ ವರ್ಷ, ಎಂಬತ್ತಮೂರರ ಮಳೆಗಾಲ ಮುಗಿದಿತ್ತು. ಶಾಸನಸಭೆ ಹೇಗೆ ನಡೆಯುತ್ತದೆ ಎಂಬ ಪಾಠ ಮುಗಿಸಿ ಮೇಷ್ಟ್ರು ಪುಸ್ತಕ ಮುಚ್ಚಿ ಕೇಳಿದರು. "ಮಸೂದೆ ಅಂದ್ರೇನು ಅಂತ ಎಲ್ರೂ ಬರೀತೀರಿ. ನಿಮ್ಮ ಶಾಸಕರ ಹತ್ರ ಯಾರಾದ್ರೂ ಏನಾದ್ರೂ ಕೇಳಿದ್ದೀರಾ?" ವಿಘ್ನೇಶ್ವರ ಎದ್ದು ನಿಂತು, "ಕೇಳಿದ್ದೆ ಸಾರ್. ಮದುವೆ ಮನೇಲಿ. ಇನ್ನೊಂದು ಹೋಳಿಗೆ ಬೇಕಾ ಅಂತ" ಅಂದ. ಮೇಷ್ಟ್ರು ನಗಲಿಲ್ಲ. ಮರ ಕಡಿಯುವುದರ ಬಗ್ಗೆ ಇರುವ ಕಾಯಿದೆಗೆ ಬರುವ ಅಧಿವೇಶನದಲ್ಲಿ ತಿದ್ದುಪಡಿ ಬರುತ್ತದಂತೆ, ಅದರಲ್ಲಿ ನಿಮಗೆ ಏನು ಬೇಕು ಎಂದು ಶಾಸಕರಿಗೆ ಹೇಳುವುದನ್ನು ಕಲಿಯಿರಿ, ಈ ವರ್ಷದ ಪಾಠ ಅದೇ ಎಂದರು.

ನಿನಗೆ ಏನು ಬೇಕು ಎಂಬುದು ನಿನಗೆ ಆಗಲೇ ಗೊತ್ತಿತ್ತು. ಲಿಂಗನಮಕ್ಕಿಯ ನೀರು ಏರಿದಾಗ ನಿಮ್ಮಪ್ಪ ಕೆರಿಯಪ್ಪ ನಿನ್ನನ್ನು ಬಗಲಲ್ಲಿ ಎತ್ತಿಕೊಂಡು ಹತ್ತಿ ಬಂದದ್ದು ಹೊನ್ನೆಕೊಪ್ಪಕ್ಕೆ. ಆ ಊರನ್ನು ಹಿಡಿದು ನಿಲ್ಲಿಸಿದ್ದು ಮೇಲಿನ ಕಾನು. ಸುಡುಬೇಸಗೆಯಲ್ಲೂ ಹಸಿರು ಬಿಡದ, ಬುಡದಲ್ಲಿ ಒರತೆ, ಕೊಂಬೆಯಲ್ಲಿ ಜೇನು, ನಡುವೆ ಚೌಡಿಯ ಕಲ್ಲು ಇಟ್ಟುಕೊಂಡ ಕಾಡು. ಅದನ್ನು ಬೋಳಿಸಿ ನೀಲಗಿರಿ ನೆಡಲು ಅರಣ್ಯ ಇಲಾಖೆಯವರು ಮರಗಳಿಗೆ ಗುರುತಿನ ಬಣ್ಣ ಬಳಿದು ಹೋಗಿದ್ದರು. "ಹೊಳೆ ದಂಡೇಲಿ ಯಾರೂ ನಮ್ಮನ್ನ ಕೇಳಲಿಲ್ಲ, ನಾವೂ ಯಾರನ್ನೂ ಕೇಳಲಿಲ್ಲ. ಈ ಸಲ ಕೇಳಿಯಾದ್ರೂ ನೋಡು ಮಗಾ" ಎಂದಿದ್ದನಂತೆ ಕೆರಿಯಪ್ಪ.

ಕಾಲೇಜಿನ ಜಗುಲಿಯಲ್ಲಿ ನಡೆದ ಆ ತಾಲೀಮನ್ನು ನೆನೆದರೆ ಈಗಲೂ ನಗು ಬರುತ್ತದೆ. ವಿಘ್ನೇಶ್ವರನೇ ಶಾಸಕ. ಹೆಗಲಿಗೆ ಟವೆಲ್ಲು, ಬಾಯಲ್ಲಿ ಇಲ್ಲದ ಎಲೆಯಡಿಕೆಯ ಕವಳ. ನೀನು ಎದುರಿಗೆ ನಿಂತೆ.

"ಎಂಥಮ್ಮಾ ಬೇಕು? ಬಾವಿಯಾ, ಮೋರಿಯಾ?"

"ಒಂದು ವಾಕ್ಯ ಬೇಕು ಸಾರ್. ಕಾಯಿದೆಯಲ್ಲಿ."

"ವಾಕ್ಯನಾ? ಅದು ಯಾವ ಇಲಾಖೇಲಿ ಸಿಗ್ತು ಮಾರಾಯ್ತಿ? ಮೋರಿ ತಗಂಡು ಹೋಗು, ಸ್ಟಾಕ್ ಇದ್ದು."

ಹುಡುಗರೆಲ್ಲ ಬಿದ್ದು ಬಿದ್ದು ನಕ್ಕರು. ನೀನು ಒರತೆ ಬತ್ತಿದರೆ ನಿಮ್ಮವರ ಗತಿಯೇನು ಎಂದು ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಮೇಷ್ಟ್ರು ಕೂತಲ್ಲಿಂದಲೇ ಕೂಗಿದರು. "ಅತ್ರೆ ಫೇಲು! ಅತ್ತವರಿಗೆ ಸಮಾಧಾನ ಸಿಗ್ತದೆ, ಕಾಯಿದೆ ಸಿಗೋದಿಲ್ಲ. ನೀನು ಬೇಡೋಕೆ ಹೋಗ್ತಾ ಇಲ್ಲ. ಅವರು ಕೂತಿರೋದು ನಿನ್ನ ಪರವಾಗಿ ಮಾತಾಡೋದಕ್ಕೆ. ಏನು ಮಾತಾಡಬೇಕು ಅಂತ ಹೇಳೋಕೆ ಹೋಗ್ತಿದ್ದೀಯ. ಮರ ಕೇಳಬೇಡ, ವಾಕ್ಯ ಕೇಳು."

ಆ ವಾಕ್ಯವನ್ನು ನೀನೇ ಬರೆದೆ. "ಒರತೆಯುಳ್ಳ ಯಾವ ಕಾನನ್ನೂ, ಅದು ಯಾವ ಊರಿನದೇ ಆಗಲಿ, ಬೇರೆ ಮರ ನೆಡುವ ಸಲುವಾಗಿ ಕಡಿಯತಕ್ಕದ್ದಲ್ಲ." 'ಯಾವ ಊರಿನದೇ ಆಗಲಿ' ಎಂಬುದು ಯಾಕೆ, ಉದ್ದವಾಯಿತು ಎಂದು ವಿಘ್ನೇಶ್ವರ ತಕರಾರು ತೆಗೆದ. "ಇರಲಿ ಬಿಡು. ನಮ್ಮೂರು ಮುಳುಗಿದ್ದು ಇನ್ಯಾವುದೋ ಊರಿಗೆ ದೀಪ ಹತ್ತಲಿ ಅಂತ. ಊರಿಗೆ ಊರು ಬದಲು ಕೊಡೋದು ನನಗೆ ಗೊತ್ತು" ಅಂದೆ ನೀನು. ವಾಕ್ಯ ಹಾಗೇ ಉಳಿಯಿತು.

ಇಷ್ಟೆಲ್ಲ ಕಲಿತು ನಾವು ಹೋದದ್ದು ಹೇಗೆ ನೋಡು. ಶಾಸಕರು ವಾಸಪ್ಪಗೌಡರು. ಅವರ ಹೆಂಡತಿ ಶಾಂತಮ್ಮನವರ ತವರು ತೀರ್ಥಹಳ್ಳಿ ಕಡೆ, ನನ್ನ ಅಜ್ಜಿಮನೆಯ ಪಕ್ಕದ ಊರು. ಇದು ಗೊತ್ತಾದದ್ದೇ ತಡ, ವಿಘ್ನೇಶ್ವರ ಕುಣಿದುಬಿಟ್ಟ. "ಕೆಲ್ಸ ಆತು! ತುಂಗಾನ ಮುಂದೆ ಬಿಡಣ!" ನಮಗೆಲ್ಲ ಅದೇ ಸರಿ ಅನ್ನಿಸಿತು. ಪ್ರವಾಸಿ ಮಂದಿರದಲ್ಲಿ ಅವರು ಜನರನ್ನು ನೋಡುವ ದಿನ ಬಿಟ್ಟು ಮನೆಗೇ ಹೋದೆವು. ದೊಡ್ಡವರ ಮನೆಗೆ ಬರಿಗೈಲಿ ಹೋಗುವುದುಂಟೇ ಎಂದು ನಿಮ್ಮವ್ವ ಆ ಕಾನಿನದೇ ಜೇನುತುಪ್ಪವನ್ನು ಒಂದು ಬಾಟಲಿಗೆ ತುಂಬಿ ಕೊಟ್ಟಿದ್ದಳು. ಬಸ್ಸಿನಲ್ಲಿ ಅದನ್ನು ನೀನು ಮಡಿಲಲ್ಲಿ ಮಗುವಿನ ಹಾಗೆ ಹಿಡಿದುಕೊಂಡಿದ್ದೆ.

ಬೆಲ್ಲ, ನೀರು ಬಂತು. ಕಡುಬು, ಚಟ್ನಿ ಬಂತು. ಶಾಂತಮ್ಮ ನನ್ನ ಅಜ್ಜಿಯ ಹೆಸರು ಕೇಳಿ, ಅಜ್ಜಿಯ ತಂಗಿಯ ಹೆಸರು ತಾವೇ ಹೇಳಿ, "ಹಂಗಾರೆ ನೀನು ನಮ್ಮ ಹುಡುಗೀನೇ ಸೈ" ಎಂದು ಗಲ್ಲ ಹಿಡಿದರು. ಗೌಡರು ಜೇನನ್ನು ಬೆರಳಲ್ಲಿ ನೆಕ್ಕಿ ಕಣ್ಣು ಮುಚ್ಚಿದರು. ನೀನು ವಾಕ್ಯ ಬರೆದ ಕಾಗದ ಕೊಟ್ಟು, ಅಳದೆ, ನಿಂತು, ಕಲಿತ ಹಾಗೇ ಶುರುಮಾಡಿದೆ. ಅವರು ನಡುವೆಯೇ ಕೈ ಎತ್ತಿದರು. "ಕಾಯಿದೆ, ಗೀಯಿದೆ ಎಲ್ಲ ಎಂಥಕ್ಕೆ? ಮನೆ ಮಕ್ಳು ಬಂದು ಕೇಳೀರಿ. ಹೊನ್ನೆಕೊಪ್ಪದ ಕಾನು ತಾನೇ?" ಅಲ್ಲೇ ಫೋನ್ ತಿರುಗಿಸಿ ಯಾರಿಗೋ ಹೇಳಿದರು. "ಹೊನ್ನೆಕೊಪ್ಪ ಬಿಟ್ಟಾಕಿ. ಹೌದೌದು, ನಮ್ಮವರದ್ದು." ರಿಸೀವರ್ ಇಟ್ಟು ನಕ್ಕರು. "ಒಂದು ಕೊಡ್ಲಿ ಬೀಳಲ್ಲ. ಕಡುಬು ತಿನ್ನಿ." ನಿನ್ನ ಕಾಗದ ಮಡಚಿ ಅವರ ಜೇಬಿಗೆ ಹೋಯಿತು.

ಹೊರಡುವಾಗ ಶಾಂತಮ್ಮ ಬಾಟಲಿ ತೊಳೆದು ತಂದರು, ತುಂಬ ತುಪ್ಪ ಹಾಕಿ. "ಖಾಲಿ ಬಾಟ್ಲಿ ಕಳಿಸ್ತಾರಾ ಯಾರಾದ್ರೂ?"

ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಬನ್ನು ತಿಂದು ಸಂಭ್ರಮಪಟ್ಟೆವು. ಮರುದಿನ ಮೇಷ್ಟ್ರಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ. "ವಾಕ್ಯ ಎಲ್ಲಿ?" ಕಾನು ಉಳೀತಲ್ಲ ಸಾರ್ ಅಂದೆವು. ಅವರು ಬೋರ್ಡಿನ ಕಡೆ ತಿರುಗಿ, ಒರೆಸಿದ್ದನ್ನೇ ಒರೆಸುತ್ತ ನಿಂತರು.

ಕ್ರಿಸ್ಮಸ್ ರಜೆ ಮುಗಿಸಿ ನೀನು ಊರಿಂದ ಬಂದಾಗ ಮುಖ ಇಷ್ಟಾಗಿತ್ತು. ಲಾರಿಗಳು ಹೊನ್ನೆಕೊಪ್ಪದ ಮೇಲೇ ಹಾದು ಹೋಗುತ್ತಿದ್ದವಂತೆ, ಪಕ್ಕದ ಗುಡ್ಡದ ಬಿದಿರಬೈಲಿಗೆ. ಗುತ್ತಿಗೆಯವನಿಗೆ ಇಷ್ಟು ಕಾಡು ಎಂದು ಬರೆದುಕೊಟ್ಟಾಗಿತ್ತು. ನಿಮ್ಮದು ಬಿಟ್ಟರೆ ಇನ್ನೊಬ್ಬರದು. ಬಿದಿರಬೈಲಿನವರಿಗೆ ಗೌಡರ ಮನೆಯಲ್ಲಿ ನೆಂಟರಿರಲಿಲ್ಲ. ಅಲ್ಲಿಯ ತಿಮ್ಮಣ್ಣ ನಿಮ್ಮ ಮನೆಗೆ ಬಂದವನು ಜಗಳವಾಡಲಿಲ್ಲವಂತೆ. ಜಗಲಿಯ ತುದಿಯಲ್ಲಿ ಕೂತು ಅವನು ಹೇಳಿದನಂತೆ, "ನಿಮ್ಮದು ಉಳೀತಲ್ಲ, ಒಳ್ಳೇದಾತು ಕೆರಿಯಪ್ಪಣ್ಣ. ನಿನ್ನ ಮಗಳು ಹೆಂಗೆ ಕೇಳ್ತು ಅಂತ ಹೇಳಿಕೊಟ್ಟಿದ್ರೆ ನಾವೂ ಕೇಳ್ತಿದ್ವಿ."

ಅವತ್ತು ನೀನು ಅಂದದ್ದು, "ಬಾಟಲಿ ಒಯ್ಯಬಾರದಿತ್ತು ಕಣೇ. ಬರಿಗೈಲಿ ಹೋಗಬೇಕಿತ್ತು ನಾವು. ನಾವು ಜೇನು ಕೊಟ್ವಿ, ಅವ್ರು ಬಿದಿರಬೈಲು ತುಂಬಿ ವಾಪಸ್ ಕೊಟ್ರು."

ಅಲ್ಲಿಂದ ನಿನ್ನ ಭಾನುವಾರಗಳೆಲ್ಲ ಬಿದಿರಬೈಲಿಗೇ. ಕಡಿದು ಬಿದ್ದ ದಿಮ್ಮಿಗಳ ಮೇಲೆ ಕೂತು ಆ ಊರಿನ ಹೆಂಗಸರಿಗೆ, ಗಂಡಸರಿಗೆ ಕೇಳುವುದನ್ನು ಕಲಿಸಿದೆ. ಪ್ರವಾಸಿ ಮಂದಿರಕ್ಕೆ ಯಾವಾಗ ಹೋಗಬೇಕು, ಯಾರು ಮೊದಲು ಮಾತಾಡಬೇಕು, ಯಾಕೆ ಅಳಬಾರದು. ಓದು ಬರಹ ಇಲ್ಲದವರಿಗೆ ವಾಕ್ಯವನ್ನು ಬಾಯಿಪಾಠ ಮಾಡಿಸಿದೆ. ಸುಗ್ಗಿಯ ಹೊತ್ತಿಗೆ ಅಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಇದು ಮಂಗನ ಕಾಯಿಲೆ, ಉಣುಗು ಕಚ್ಚಿ ಬರುವುದು, ಕಾಡು ತೆರೆದ ಕಡೆ ಹೀಗಾಗುವುದುಂಟು ಎಂದರು ಬಂದ ಡಾಕ್ಟರು. ಖಂಡಿತ ಹೇಳಲಾರೆ ಎಂದೂ ಅಂದರು. ತಿಮ್ಮಣ್ಣನ ಹೆಂಡತಿಗೆ ಜ್ವರ ಬಂತು. ಆಮೇಲೆ ನಿನಗೆ.

ನಾನು ನೋಡಲು ಬಂದಾಗ ನಿನ್ನ ಕಣ್ಣು ಕೆಂಡವಾಗಿತ್ತು. ನೀರು ಕುಡಿಸಿದೆ. "ಪರೀಕ್ಷೆ ಟೈಂಟೇಬಲ್ ಬಂತೇನೇ?" ಎಂದು ನೀನು ಕೇಳಿದೆ. ಬಂತು ಎಂದೆ ನಾನು. ಇನ್ನೂ ಬಂದಿರಲಿಲ್ಲ. ಶಿವಮೊಗ್ಗಕ್ಕೆ ಒಯ್ಯುವ ದಾರಿಯಲ್ಲೇ ಮುಗಿಯಿತು. ಆ ಅಧಿವೇಶನದಲ್ಲಿ ನಮ್ಮ ಕಡೆಯಿಂದ ಯಾರೂ ಏನೂ ಕೇಳಲಿಲ್ಲ.

ಮುಂದಿನದು ನಿನಗೆ ಗೊತ್ತಿಲ್ಲ. ಕಡುಬು ಬಡಿಸಿದ ದಿನವೇ ಶಾಂತಮ್ಮ ನನ್ನನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಕಾಯಿದೆ ಕೇಳಲು ಹೋದವಳು ಹೆಣ್ಣು ತೋರಿಸಿಕೊಂಡು ಬಂದಂತಾಗಿತ್ತು ನಾನು. ಅವರ ಅಣ್ಣನ ಮಗನಿಗೇ ನನ್ನನ್ನು ತಂದುಕೊಂಡರು. ನಮ್ಮವರು ಒಳ್ಳೆಯವರು ಶರಾ, ಮೆತ್ತಗಿನ ಮನುಷ್ಯ. ತಾಲೂಕು ಕಚೇರಿಯಲ್ಲಿ ಗುಮಾಸ್ತರು. ಗೌಡರು ಈಗ ನನಗೂ ಮಾವ. ಆ ಕೆಲಸಕ್ಕೂ ಮಾವನ ಒಂದು ಮಾತು ಇತ್ತು. ನಮ್ಮ ಮನೆಯ ಗ್ಯಾಸು, ಅತ್ತೆಯ ಕಣ್ಣಿನ ಆಪರೇಷನ್ನು, ಎಲ್ಲದರಲ್ಲೂ ಮಾವನ ಒಂದೊಂದು ಮಾತು. ಕೆಟ್ಟ ಮನುಷ್ಯ ಎಂದು ಹೇಳಲು ನನ್ನ ನಾಲಿಗೆ ಏಳುವುದಿಲ್ಲ. ನೀನು ಹೋದ ಸುದ್ದಿ ಕೇಳಿ, "ಆ ಜೇನು ತಂದಿದ್ದ ಹುಡುಗಿಯಾ? ಅಯ್ಯೋ" ಎಂದು ಊಟ ಬಿಟ್ಟು ಎದ್ದಿದ್ದರಂತೆ. ತಮ್ಮ ಫೋನಿಗೂ ನಿನ್ನ ಜ್ವರಕ್ಕೂ ನಡುವೆ ಒಂದು ದಾರಿ ಇರಬಹುದೆಂದು ಅವರಿಗೆ ಹೊಳೆದೇ ಇಲ್ಲ.

ಹೋದ ತಿಂಗಳು ಮಗುವಿಗೆ ಬೆಳ್ಳಿ ಉಡಿದಾರ ತಂದುಕೊಟ್ಟು, "ನಿಂಗೆ ಎಂಥ ಬೇಕು ಕೇಳು ತುಂಗಾ" ಅಂದರು. ಅದೇ ವಾರ ರಾಮಚಂದ್ರಪ್ಪ ಮೇಷ್ಟ್ರ ಕಾಗದ ಬಂದಿತ್ತು. ತಿದ್ದುಪಡಿ ಮತ್ತೆ ಬರುವ ಮಾತಿದೆ, ಈ ವರ್ಷದ ಹುಡುಗಿಯರಿಬ್ಬರು ಹೋಗಬೇಕೆಂದಿದ್ದಾರೆ, ಹೇಗೆಂದು ನೀನು ಹೇಳಿಕೊಡುತ್ತೀಯಾ ಎಂದು. ನಾನು ಕೇಳಿದೆ. "ಪ್ರವಾಸಿ ಮಂದಿರದಲ್ಲಿ ನೀವು ಜನ ನೋಡೋದು ಯಾವತ್ತು ಮಾವ?" ಅವರು ಗಹಗಹಿಸಿ ನಕ್ಕರು. "ಮನೆ ಸೊಸೆಗೆ ಎಂಥ ಪ್ರವಾಸಿ ಮಂದಿರ ಮಾರಾಯ್ತಿ!"

ಅವರು ಜನ ನೋಡುವ ಸೋಮವಾರ ಹುಡುಗಿಯರ ಜೊತೆ ಪ್ರವಾಸಿ ಮಂದಿರಕ್ಕೇ ಹೋದೆ. ಬಿದಿರಬೈಲಿನ ಆಚೆಯ ಗುಡ್ಡಕ್ಕೂ ಈಗ ಬಣ್ಣ ಬಿದ್ದಿದೆ ಎಂದು ತಿಮ್ಮಣ್ಣನೂ ಬಂದಿದ್ದ. ಆ ಗುಡ್ಡ ಅವನ ಊರಿನದಲ್ಲ. ಹುಡುಗಿಯರಿಗೆ ನಾನು ಹೇಳಿದ್ದು, ನೆಂಟಸ್ತನ ಚಪ್ಪಲಿ ಜೊತೆ ಹೊರಗೇ ಬಿಡಬೇಕು, ಏನೂ ಒಯ್ಯಬಾರದು, ಏನೂ ತಿನ್ನಬಾರದು. ಅವರಲ್ಲೊಬ್ಬಳ ಚೀಲದಲ್ಲಿ ಬಾಳೆಹಣ್ಣಿನ ಚಿಪ್ಪು ಇತ್ತು. "ಅಮ್ಮ ಕೊಟ್ಳು ಅಕ್ಕಾ, ಬರಿಗೈಲಿ ಹೋಗಬಾರದಂತೆ" ಅಂದಳು. ಹೊರಗಿನ ಬೆಂಚಿನಲ್ಲಿ ಕೂತವರಿಗೆಲ್ಲ ಹಂಚಿಸಿಬಿಟ್ಟೆ. ಮಗುವನ್ನು ಮಡಿಲಲ್ಲಿ ಹಾಕಿಕೊಂಡು ನಾನೂ ಅದೇ ಬೆಂಚಿನಲ್ಲಿ ಕೂತೆ. ಗೌಡರ ಸಹಾಯಕ ಓಡಿ ಬಂದ. "ಅಮ್ಮಾ, ನೀವೆಂಥ ಇಲ್ಲಿ ಕೂತದ್ದು? ಒಳಗೆ ಬನ್ನಿ, ಕಾಫಿ ತರಿಸ್ತೀನಿ." ನಮ್ಮ ಸರದಿ ಬರಲಿ ಎಂದೆ. ಮಗುವಿನ ಹಣೆ ಅವತ್ತು ಸ್ವಲ್ಪ ಬೆಚ್ಚಗಿತ್ತು. ಎದ್ದು ಮನೆಗೆ ಹೋಗಿಬಿಡಲೇ ಎಂದು ಎಷ್ಟು ಸಲ ಅನ್ನಿಸಿತೋ.

ಒಳಗೆ ಮಾವ ಎದ್ದೇ ನಿಂತರು. "ಇದೆಂಥ ಕೆಲಸ ತುಂಗಾ? ಮನೇಲಿ ಒಂದು ಮಾತು ಹೇಳಿದ್ರೆ ಆಗ್ತಿರಲಿಲ್ವಾ? ಜನ ನೋಡಿದ್ರೆ ಎಂಥ ಅಂದ್ಕೊಳ್ತಾರೆ?"

ಆದರೂ ಹೇಳಿದೆ. "ಮನೇಲಿ ಹೇಳಿದ್ರೆ ನಾನು ಕೇಳಿದ ಕಾನು ಉಳೀತದೆ ಮಾವ. ಪಕ್ಕದವರದ್ದು ಹೋಗ್ತದೆ. ಹೋದ ಸಲ ಹಂಗೇ ಆಯ್ತು. ಆ ಜೇನು ತಂದಿದ್ದ ಹುಡುಗಿ, ಪಕ್ಕದ ಊರಿಗೇ ಹೋಗಿ ಜ್ವರ ಹತ್ತಿಸಿಕೊಂಡಿದ್ದು. ಇವರ ಹೆಂಡ್ತೀನೂ ಅದೇ ಜ್ವರಕ್ಕೇ ಹೋಗಿದ್ದು."

ಅವರು ತಿಮ್ಮಣ್ಣನ ಕಡೆ ನೋಡಿದರು. "ನಿಂದು ಎಂಥ ಹೇಳು" ಎಂದರು. ತಿಮ್ಮಣ್ಣ ಟೋಪಿ ತೆಗೆದು, ಅಳದೆ, ನೇರ ನಿಂತು ಹೇಳಿದ. "ಒರತೆಯುಳ್ಳ ಯಾವ ಕಾನನ್ನೂ, ಅದು ಯಾವ ಊರಿನದೇ ಆಗಲಿ, ಬೇರೆ ಮರ ನೆಡುವ ಸಲುವಾಗಿ ಕಡಿಯತಕ್ಕದ್ದಲ್ಲ."

ನಿನ್ನ ವಾಕ್ಯ ಶರಾ. 'ಯಾವ ಊರಿನದೇ' ಎನ್ನುವಲ್ಲಿ ನೀನು ಕತ್ತು ಸ್ವಲ್ಪ ಎತ್ತುತ್ತಿದ್ದೆಯಲ್ಲ, ಅವನೂ ಎತ್ತಿದ. ಅಳಬಾರದೆಂದು ಹುಡುಗಿಯರಿಗೆ ಹೇಳಿಕೊಟ್ಟವಳು ನಾನು ಕಿಟಕಿಯ ಕಡೆ ತಿರುಗಿಬಿಟ್ಟೆ.

ಹುಡುಗಿಯರು ಕೊಟ್ಟ ಕಾಗದವನ್ನು ಮಾವ ಮಡಚಿ ಜೇಬಿಗೆ ಹಾಕಲಿಲ್ಲ. ಮೇಜಿನ ಮೇಲೆ ಬಿಡಿಸಿ ಇಟ್ಟರು, ಗಾಳಿಗೆ ಹಾರದಂತೆ ಕನ್ನಡಕ ತೆಗೆದು ಅದರ ಮೇಲೆ ಇಟ್ಟರು. "ಸಭೇಲಿ ಕೇಳ್ತೀನಿ. ಆಗ್ತದೆ ಅಂತ ಹೇಳಲ್ಲ" ಎಂದರು. ಅವರು ಹೀಗೆ ಕೈಲಾಗದ್ದನ್ನು ಕೈಲಾಗದೆಂದು ಹೇಳಿದ್ದನ್ನು ನಾನು ಮೊದಲ ಸಲ ಕೇಳಿದ್ದು. ನನ್ನ ಕಡೆ, ಮಗುವಿನ ಕಡೆ, ಮತ್ತೆ ನೋಡಲಿಲ್ಲ.

ಅವತ್ತಿನಿಂದ ಆ ಮನೆಯಿಂದ ಯಾರೂ ಬಂದಿಲ್ಲ. ಅತ್ತೆಗೂ ನನ್ನ ಮೇಲೆ ಮುನಿಸು. ನಮ್ಮವರು ನಿನ್ನೆ ಮಗುವನ್ನು ಆಡಿಸುತ್ತ ಮೆಲ್ಲಗೆ ಕೇಳಿದರು. "ಬೀದರಿಗೆ ಎತ್ತಿ ಹಾಕಿದ್ರೆ ಎಂಥ ಮಾಡ್ತೀಯ?" "ಅಲ್ಲೂ ಒಬ್ಬ ಶಾಸಕರು ಇರ್ತಾರಲ್ಲ" ಅಂದೆ. ಅವರು ನಕ್ಕರು. ನನಗೂ ನಗು ಬಂತು. ಆದರೆ ಹೆದರಿಕೆ ಹೋಗಿಲ್ಲ ಕಣೇ. ಆ ವಾಕ್ಯ ಬಂದರೂ ಬಿದಿರಬೈಲಿನ ಕಾನು ತಿರುಗಿ ಬರುವುದಿಲ್ಲ. ನೀನೂ ಬರುವುದಿಲ್ಲ. ವಾಕ್ಯ ಬಾರದೆ ಹೋದರೆ ಹುಡುಗಿಯರು ಮುಂದಿನ ಸೋಮವಾರ ಮತ್ತೆ ಹೋಗುತ್ತಾರಂತೆ. ಮಗು ಹುಷಾರಾಗಿದ್ದರೆ ನಾನೂ.

ಮೊನ್ನೆ ಕೆರಿಯಪ್ಪ ಸಿಕ್ಕಿದ್ದ. ಒರತೆ ಹರಿಯುತ್ತಾ ಇದೆಯಂತೆ. "ನೀರೇನೋ ಸಿಹಿ ಅದೆ ಮಗಾ, ಗಂಟಲಲ್ಲಿ ಇಳಿಯಾದಿಲ್ಲ" ಅಂದ. ನಿನ್ನನ್ನು ಮಣ್ಣು ಮಾಡಿದ ಜಾಗದಲ್ಲಿ ಒಂದು ಹೊನ್ನೆ ಗಿಡ ತಾನಾಗಿ ಎದ್ದಿದೆಯಂತೆ.

ಬಸ್ಸಿನವನು ಹಾರ್ನ್ ಹೊಡೆದ. ಸುಮ ಎದ್ದಳು. ಹಣೆ ತಣ್ಣಗಿದೆ.

ಶರಾ, ನಿನಗೆ ಏನು ತರಲಿ ಎಂದು ಇಷ್ಟು ದಿನ ಯೋಚಿಸಿ ನಿನ್ನ ಹತ್ತಿರ ಬರದೇ ಉಳಿದೆ. ಈ ಸಲ ಬರಿಗೈಲಿ ಬರುತ್ತೇನೆ, ಮಗಳನ್ನು ಎತ್ತಿಕೊಂಡು. ನಿನ್ನ ತಲೆಯ ಮೇಲೆ ನೆರಳಿರಲಿ. ಆ ನೆರಳಿಗೆ ಬದಲಾಗಿ ಎಲ್ಲೂ ಯಾರ ತಲೆಯ ಮೇಲೂ ಬಿಸಿಲು ಬೀಳದಿರಲಿ. ತಣ್ಣಗೆ ಮಲಗು, ನನ್ನವ್ವಾ.

ನಿನ್ನ ಬೆಂಚಿನ ಇನ್ನೊಂದು ತುದಿಯವಳು,
ತುಂಗಾ